ಸೂಜಿ ಹಿಡಿಯದೆ ಬಂದವರು

ಇಂಗ್ಲೆಂಡಿನ ಲಿವರ್‌ಪೂಲ್ ನಗರದಲ್ಲಿ ಎರಡು ದೊಡ್ಡ ಫುಟ್‌ಬಾಲ್ ಕ್ಲಬ್‌ಗಳಿವೆ. ಕೆಂಪು ಅಂಗಿಯ ಲಿವರ್‌ಪೂಲ್, ನೀಲಿ ಅಂಗಿಯ ಎವರ್ಟನ್. ಒಂದೇ ಮನೆಯಲ್ಲಿ ಅಣ್ಣ ಕೆಂಪು, ತಮ್ಮ ನೀಲಿ ಆಗಿರುವುದುಂಟು. ಮೈದಾನದಲ್ಲಿ ಹಾವು ಮುಂಗುಸಿಯಂತಿರುವ ಈ ಎರಡೂ ಕ್ಲಬ್‌ಗಳ ಆಟಗಾರರು ಕ್ರಿಸ್‌ಮಸ್ ಹತ್ತಿರ ಬಂದಾಗ ಹೋಗುವ ಜಾಗ ಮಾತ್ರ ಒಂದೇ: ಆಲ್ಡರ್ ಹೇ ಮಕ್ಕಳ ಆಸ್ಪತ್ರೆ. 1914ರಲ್ಲಿ ಶುರುವಾದ ಆಸ್ಪತ್ರೆ ಅದು. 2015ರಲ್ಲಿ ಪಕ್ಕದ ಉದ್ಯಾನದಲ್ಲಿ ಎದ್ದ ಹೊಸ ಕಟ್ಟಡಕ್ಕೆ ಬಂತು. ಲಿವರ್‌ಪೂಲ್ ತಂಡ 2020ರವರೆಗೆ ಅಭ್ಯಾಸ ನಡೆಸುತ್ತಿದ್ದ ಮೆಲ್‌ವುಡ್ ಮೈದಾನವೂ ಅದೇ ವೆಸ್ಟ್ ಡರ್ಬಿ ಬಡಾವಣೆಯಲ್ಲೇ ಇತ್ತು. ಹಾಗಾಗಿ ಇದನ್ನು ದಾನಧರ್ಮ ಎನ್ನುವುದಕ್ಕಿಂತ ನೆರೆಹೊರೆಯವರನ್ನು ಕಂಡು ಬರುವುದು ಎಂದರೆ ಸರಿಹೋದೀತು.

ಇವರು ಹೋಗುವುದು ಸಾಮಾನ್ಯವಾಗಿ ಹಬ್ಬದ ದಿನವಲ್ಲ, ಅದಕ್ಕೆ ಕೆಲವು ದಿನ ಮೊದಲು. ಜರ್ಮನಿ, ಸ್ಪೇನ್‌ಗಳಲ್ಲಿ ಕ್ರಿಸ್‌ಮಸ್‌ಗೆ ಫುಟ್‌ಬಾಲಿಗೂ ರಜೆ. ಇಂಗ್ಲೆಂಡಿನಲ್ಲಿ ಹಬ್ಬದ ಮಾರನೆಯ ದಿನ, ಡಿಸೆಂಬರ್ 26ಕ್ಕೆ, ಪಂದ್ಯ ಆಡುವುದು ಹಳೆಯ ರೂಢಿ. ನಾಳೆ ಪಂದ್ಯವಿದ್ದರೆ ಇವತ್ತು ಹಬ್ಬವಿದ್ದರೂ ಅಭ್ಯಾಸ ತಪ್ಪದು. ಆಸ್ಪತ್ರೆಯ ಲೆಕ್ಕಾಚಾರ ಬೇರೆ. ತುರ್ತಿಲ್ಲದ ಶಸ್ತ್ರಚಿಕಿತ್ಸೆಗಳನ್ನು ಮುಂದಕ್ಕೆ ಹಾಕಿ, ಕಳಿಸಬಹುದಾದ ಮಕ್ಕಳನ್ನೆಲ್ಲ ಹಬ್ಬದೊಳಗೆ ಮನೆಗೆ ಕಳಿಸಲು ವೈದ್ಯರು ನೋಡುತ್ತಾರೆ. ಕಳಿಸಲಾಗದ ಮಕ್ಕಳಷ್ಟೇ ಉಳಿಯುತ್ತಾರೆ. ಅವರ ಜೊತೆ ಅವರ ಅಪ್ಪ ಅಮ್ಮ, ಹಬ್ಬದ ಡ್ಯೂಟಿ ಬಿದ್ದ ನರ್ಸುಗಳು. ಕ್ರಿಸ್‌ಮಸ್ ಆಚರಿಸದ ವೈದ್ಯರು ಆ ದಿನದ ಡ್ಯೂಟಿಯನ್ನು ತಾವಾಗಿಯೇ ವಹಿಸಿಕೊಳ್ಳುವುದು ಅಲ್ಲಿ ಉಂಟು. ಬ್ರಿಟನ್ನಿನ ಆಸ್ಪತ್ರೆಗಳಲ್ಲಿ ದುಡಿಯುವ ಕನ್ನಡದ ವೈದ್ಯರಿಗೆ ಇದು ಹೊಸತೇನಲ್ಲ.

ಇಂಥ ಭೇಟಿಯ ಬಗ್ಗೆ ಮೂಗು ಮುರಿಯುವವರು ಬಹಳ. ವಾರಕ್ಕೆ ಲಕ್ಷ ಪೌಂಡ್ ಎಣಿಸುವವರು ಒಂದು ಮಧ್ಯಾಹ್ನ ಬಂದು ಟೆಡ್ಡಿ ಕರಡಿ ಕೊಟ್ಟು ಫೋಟೊ ತೆಗೆಸಿಕೊಂಡು ಹೋದರೆ ಏನು ಮಹಾ? ಕ್ಲಬ್ಬಿನವರು ಹೇಳಿದ್ದಕ್ಕೆ ತಾನೇ ಬಂದದ್ದು? ಎರಡನೆಯ ಮಾತು ಸುಳ್ಳಲ್ಲ. ಪ್ರೀಮಿಯರ್ ಲೀಗಿನ ಆಟಗಾರರು ಸಹಿ ಹಾಕುವ ಮಾದರಿ ಕರಾರಿನಲ್ಲೇ ಒಂದು ಷರತ್ತಿದೆ. ಪ್ರಚಾರಕ್ಕೂ ಊರಿನ ಕೆಲಸಕ್ಕೂ ಆಟಗಾರ ವಾರಕ್ಕೆ ಆರು ಗಂಟೆಯವರೆಗೆ ಸಮಯ ಕೊಡಬೇಕು, ಅದರಲ್ಲಿ ಸುಮಾರು ಅರ್ಧ ಸಮುದಾಯ ಮತ್ತು ಜನಸಂಪರ್ಕಕ್ಕೆ ಮೀಸಲು. ಅಂದರೆ ಕರುಣೆ ಕಾಗದದ ಮೇಲಿದೆ, ಅದಕ್ಕೆ ಸಹಿಯೂ ಬಿದ್ದಿದೆ.

ಬೀಳಲಿ ಎನ್ನುತ್ತೇವೆ ನಾವು. ಮನಸ್ಸು ಬಂದಾಗ ಮಾತ್ರ ಮಾಡುವ ಒಳ್ಳೆಯ ಕೆಲಸ ಮನಸ್ಸು ಬಾರದ ವರ್ಷ ನಿಂತುಹೋಗುತ್ತದೆ. ಕಳೆದ ಪಂದ್ಯ ಸೋತಿದ್ದರೂ, ಮ್ಯಾನೇಜರ್ ಬದಲಾಗಿದ್ದರೂ, ಸ್ಟಾರ್ ಆಟಗಾರ ಮುನಿಸಿಕೊಂಡಿದ್ದರೂ ಡಿಸೆಂಬರ್ ಬಂದಾಗ ತಂಡ ವಾರ್ಡಿನ ಬಾಗಿಲಿಗೆ ಬರುತ್ತದೆಯಲ್ಲ, ಅದು ಕರಾರಿನ ಮತ್ತು ರೂಢಿಯ ಬಲ. ಕೋವಿಡ್ ಕಾಲದಲ್ಲಿ ಬಾಗಿಲು ಮುಚ್ಚಿದಾಗಲೂ ವೀಡಿಯೊ ಕರೆಯಲ್ಲಿ ಮಕ್ಕಳನ್ನು ಮಾತಾಡಿಸಿದರು.

ಇನ್ನು ಏನು ಮಹಾ ಎಂಬ ಪ್ರಶ್ನೆ. ಇದಕ್ಕೆ ಉತ್ತರ ಹುಡುಕಬೇಕಾದರೆ ಹಾಸಿಗೆಯ ಮೇಲೆ ಮಲಗಿರುವವರ ಕಡೆಯಿಂದ ನೋಡಬೇಕು. ಮಕ್ಕಳ ವಾರ್ಡಿನಲ್ಲಿ ಹತ್ತಿರ ಬರುವ ಪ್ರತಿ ದೊಡ್ಡವರಿಗೂ ಒಂದು ಕೆಲಸ ಇರುತ್ತದೆ, ಆ ಕೆಲಸವೆಲ್ಲ ಮಗುವಿನ ಮೈಮೇಲೆಯೇ ನಡೆಯಬೇಕು. ಒಬ್ಬರು ರಕ್ತ ತೆಗೆಯಲು ಬಂದರೆ ಇನ್ನೊಬ್ಬರು ಡ್ರಿಪ್ ಬದಲಿಸಲು ಬರುತ್ತಾರೆ. ಜ್ವರ ನೋಡುವವರು, ಹೊಟ್ಟೆ ಒತ್ತಿ ನೋಡುವವರು, ಪರೀಕ್ಷೆಗೆ ಗಾಲಿ ಮಂಚದಲ್ಲಿ ತಳ್ಳಿಕೊಂಡು ಹೋಗುವವರು. ಅಮ್ಮನೂ ಇನ್ನೊಂದು ತುತ್ತು, ಇನ್ನೊಂದು ಗುಟುಕು ಔಷಧಿ ಎಂದು ಕಾದು ಕೂತಿರುತ್ತಾಳೆ. ಬಿಳಿ ಕೋಟು ಕಂಡರೆ ಮಗು ಕೈ ಹಿಂದಕ್ಕೆಳೆದುಕೊಳ್ಳುವುದು ಸುಮ್ಮನೆ ಅಲ್ಲ. ಇಂಥಲ್ಲಿಗೆ ಟ್ರ್ಯಾಕ್ ಸೂಟು ತೊಟ್ಟ ಇಪ್ಪತ್ತರ ಹರೆಯದ ಒಬ್ಬ ಬರುತ್ತಾನೆ. ಅವನಿಗೆ ಅಲ್ಲಿ ಮಾಡಲು ಏನೂ ಕೆಲಸವಿಲ್ಲ, ಮಾಡಬಲ್ಲದ್ದೂ ಏನಿಲ್ಲ. ಏನು ಮಾತಾಡಬೇಕೆಂದು ತೋಚದೆ ತಲೆ ಕೆರೆದುಕೊಳ್ಳುವವನೂ ಇರಬಹುದು. ಅವನ ಎದುರು ರೋಗಿಯಾಗಿರಬೇಕಿಲ್ಲ, ಅಭಿಮಾನಿಯಾದರೆ ಸಾಕು. ನೀಲಿ ಕ್ಲಬ್ಬಿನ ಹುಡುಗನ ಮುಂದೆ ಕೆಂಪು ಕ್ಲಬ್ಬಿನವನು ಬಂದು ನಿಂತರೆ ಇನ್ನೂ ಒಳ್ಳೆಯದು, ಛೇಡಿಸಲು ಒಬ್ಬ ಸಿಕ್ಕ ಹಾಗಾಯಿತು. ಕ್ಯಾನ್ಸರಿನ ಔಷಧಿಯಿಂದ ರೋಗನಿರೋಧಕ ಶಕ್ತಿ ಕುಂದಿದ ಮಕ್ಕಳ ಕೋಣೆಯೊಳಗೆ ಹೊರಗಿನವರಿಗೆ ಪ್ರವೇಶವಿರುವುದಿಲ್ಲ. ಅಲ್ಲಿ ಗಾಜಿನಾಚೆಯಿಂದ ಕೈ ಬೀಸುವುದಷ್ಟೇ.

ಹೊರಗಿನವರು ವಾರ್ಡಿನೊಳಗೆ ಕಾಲಿಡುವುದೇ ದೊಡ್ಡ ಮಾತಾಗಿದ್ದ ಕಾಲ ಬ್ರಿಟನ್ನಿನಲ್ಲಿ ತೀರ ಹಳೆಯದೇನಲ್ಲ. 1950ರ ಸುಮಾರಿಗೆ ಅಲ್ಲಿನ ಅನೇಕ ಆಸ್ಪತ್ರೆಗಳು ಹೆತ್ತವರನ್ನೇ ಒಳಗೆ ಬಿಡುತ್ತಿರಲಿಲ್ಲ. ಬಿಟ್ಟರೆ ವಾರಕ್ಕೊಮ್ಮೆ ಒಂದೆರಡು ತಾಸು. ಸೋಂಕು ತರುತ್ತಾರೆ ಎಂಬುದು ಒಂದು ಕಾರಣ. ಅಮ್ಮ ಬಂದು ಹೋದ ಮೇಲೆ ಮಗು ಅಳುತ್ತದೆ, ಬಾರದಿದ್ದರೆ ಸುಮ್ಮನಿರುತ್ತದೆ ಎಂಬುದು ಇನ್ನೊಂದು. ಆ ಸುಮ್ಮನಿರುವಿಕೆ ಸಮಾಧಾನದ್ದಲ್ಲ, ಕೈಚೆಲ್ಲಿದ್ದು ಎಂದು ತೋರಿಸಿದವರು ಜೇಮ್ಸ್ ರಾಬರ್ಟ್‌ಸನ್. ಆಸ್ಪತ್ರೆಗೆ ಸೇರಿದ ಎರಡು ವರ್ಷದ ಹೆಣ್ಣುಮಗುವಿನ ಮೇಲೆ ಅವರು 1952ರಲ್ಲಿ ಮಾಡಿದ ಚಿತ್ರ ನೋಡಿ ಹಲವು ವೈದ್ಯರು ಸಿಟ್ಟಿಗೆದ್ದರು. 1959ರಲ್ಲಿ ಸರ್ಕಾರದ ಪ್ಲಾಟ್ ಸಮಿತಿ ಹೆತ್ತವರಿಗೆ ಬಾಗಿಲು ತೆರೆಯಬೇಕೆಂದು ವರದಿ ಕೊಟ್ಟಿತು. ವರದಿ ಬಂದರೂ ಆಸ್ಪತ್ರೆಗಳು ಅಲುಗದಿದ್ದಾಗ 1961ರಲ್ಲಿ ತಾಯಂದಿರೇ ಸಂಘ ಕಟ್ಟಿ ಬೆನ್ನು ಹತ್ತಿದರು. ವಾರ್ಡಿನಲ್ಲಿ ಆಟದ ಸಾಮಾನು, ಮಕ್ಕಳನ್ನು ಆಡಿಸಲೆಂದೇ ತರಬೇತಾದ ಸಿಬ್ಬಂದಿ, ಡಿಸೆಂಬರಿನ ಫುಟ್‌ಬಾಲಿಗರು, ಇವರೆಲ್ಲ ನಡೆದು ಬರುವುದು ಆ ತಾಯಂದಿರು ತೆರೆಸಿದ ಬಾಗಿಲಿನಿಂದ.

ಕ್ಯಾಮೆರಾದ ಬಗ್ಗೆ ನಮಗೂ ತಕರಾರಿದೆ. ಹೆತ್ತವರ ಒಪ್ಪಿಗೆ ಪಡೆದೇ ತೆಗೆಯುತ್ತಾರೆ, ನಿಜ. ಆದರೆ ಕ್ಲಬ್ಬಿನ ಕೆಲಸಕ್ಕೆ ಬಳಕೆಯಾಗುವುದು ನಗುವ ಮಗುವಿನ ಚಿತ್ರ. ಆಟಗಾರನ ಎದೆಯ ಮೇಲೆ ಪ್ರಾಯೋಜಕರ ಹೆಸರೂ ಇರುತ್ತದೆ. ಪ್ರೀಮಿಯರ್ ಲೀಗಿನ ಹಲವು ತಂಡಗಳ ಎದೆಯ ಮೇಲೆ ಬೆಟ್ಟಿಂಗ್ ಕಂಪನಿಗಳೇ ಕುಳಿತಿದ್ದವು. ಅಂಗಿಯ ಮುಂಭಾಗದಿಂದ ಅವನ್ನು 2026-27ರ ಋತುವಿನಿಂದ ಇಳಿಸಲು ಕ್ಲಬ್‌ಗಳು ಒಪ್ಪಿದ್ದು 2023ರಲ್ಲಿ. ಜೂಜಿನ ಹೆಸರು ಹೊತ್ತು ಮಕ್ಕಳ ವಾರ್ಡಿಗೆ ಹೋಗುವುದು ಸರಿಯಲ್ಲ ಎನ್ನಲು ಇಷ್ಟು ಹೊತ್ತು ಬೇಕಿರಲಿಲ್ಲ.

ಕರಾರನ್ನು ಮೀರಿ ಹೋದವರೂ ಇದ್ದಾರೆ. ಸಂಡರ್‌ಲ್ಯಾಂಡ್ ತಂಡದ ಜರ್ಮೈನ್ ಡಿಫೋಗೆ 2016ರಲ್ಲಿ ಕ್ಯಾನ್ಸರಿನ ಒಬ್ಬ ಪುಟ್ಟ ಅಭಿಮಾನಿಯ ಪರಿಚಯವಾಯಿತು. ಆ ಮಗುವಿನ ಚಿಕಿತ್ಸೆಯ ನಿಧಿಗೆ ಎದುರಾಳಿ ತಂಡವಾದ ಎವರ್ಟನ್ 2 ಲಕ್ಷ ಪೌಂಡ್ ಕೊಟ್ಟಿತು. ಡಿಫೋ ಆಸ್ಪತ್ರೆಗೂ ಮನೆಗೂ ಹೋಗುತ್ತಿದ್ದರು. 2017ರ ಮಾರ್ಚಿನಲ್ಲಿ ವೆಂಬ್ಲಿಯಲ್ಲಿ ಇಂಗ್ಲೆಂಡ್ ಪರ ಆಡಲು ಅವನ ಕೈ ಹಿಡಿದುಕೊಂಡೇ ಮೈದಾನಕ್ಕಿಳಿದರು, ಗೋಲನ್ನೂ ಹೊಡೆದರು. ಜುಲೈನಲ್ಲಿ ಆರು ವರ್ಷದ ಆ ಹುಡುಗ ತೀರಿಕೊಂಡ. ಅದಕ್ಕೆ ಒಂದು ದಿನ ಮೊದಲು ಹೊಸ ಕ್ಲಬ್ಬಿನ ಪತ್ರಿಕಾಗೋಷ್ಠಿಯಲ್ಲಿ ಅವನ ಮಾತು ಬಂದಾಗ ಡಿಫೋ ಅತ್ತುಬಿಟ್ಟಿದ್ದರು. ಎಲ್ಲ ಆಟಗಾರರಿಂದಲೂ ಇದನ್ನು ನಿರೀಕ್ಷಿಸುವುದು ತಪ್ಪು. ಒಂದು ಮಧ್ಯಾಹ್ನದ ಭೇಟಿಯನ್ನು ಇದರ ಪಕ್ಕದಲ್ಲಿಟ್ಟು ಹಳಿಯುವುದೂ ತಪ್ಪು.

ನಮ್ಮಲ್ಲಿ ಇದು ತಲೆಕೆಳಗು. ನಟರ, ನಾಯಕರ ಹುಟ್ಟುಹಬ್ಬಕ್ಕೆ ಸರ್ಕಾರಿ ಆಸ್ಪತ್ರೆಯಲ್ಲಿ ರೋಗಿಗಳಿಗೆ ಹಣ್ಣು, ಬ್ರೆಡ್ ಹಂಚುವುದು ಕರ್ನಾಟಕದ ಊರೂರಿನ ಪದ್ಧತಿ. ಹುಟ್ಟುಹಬ್ಬದವರು ಬರುವುದಿಲ್ಲ, ಅಭಿಮಾನಿ ಸಂಘದವರು ಬರುತ್ತಾರೆ. ಮರುದಿನ ಪತ್ರಿಕೆಯ ಜಿಲ್ಲಾ ಪುಟದಲ್ಲಿ ಒಂದು ಸೇಬಿಗೆ ಎಂಟು ಕೈಗಳು ತಗಲಿಕೊಂಡಿರುವ ಚಿತ್ರ ಬರುತ್ತದೆ, ಕೆಳಗೆ ಎಂಟು ಜನರ ಹೆಸರೂ ಇರುತ್ತದೆ. ಹಾಸಿಗೆಯ ಮೇಲಿದ್ದವರ ಹೆಸರು ಇರುವುದಿಲ್ಲ. ಮಧುಮೇಹದವರ ಕೈಗೂ ಸಿಹಿ ಬನ್ನು ಬೀಳುತ್ತದೆ. ಆದರೂ ಆ ಹುಡುಗರನ್ನು ಪೂರಾ ಬೈಯಲು ಮನಸ್ಸಾಗದು. ಆಸ್ಪತ್ರೆಯ ಕಡೆ ಹೋಗಬೇಕೆಂದು ಅವರಿಗೆ ತೋಚಿತಲ್ಲ.

ಹಾಗೆ ತೋಚಿದ ಓದುಗರಲ್ಲಿ ನಮ್ಮದೊಂದು ವಿನಂತಿ. ಮಕ್ಕಳ ವಾರ್ಡಿಗೆ ಹೋಗುವುದಾದರೆ ಮೊದಲೇ ಅಲ್ಲಿನ ಸಿಸ್ಟರನ್ನು ಕಂಡು ಯಾವ ಹೊತ್ತು ಸರಿ, ಏನು ಬೇಕು ಎಂದು ಕೇಳಿಕೊಳ್ಳಿ. ನೆಗಡಿ, ಕೆಮ್ಮು ಇದ್ದರೆ ಹೋಗಬೇಡಿ. ಇಬ್ಬರು ಹೋದರೆ ಸಾಕು, ಮೊಬೈಲು ಜೇಬಿನಲ್ಲೇ ಇರಲಿ. ಹಣ್ಣು ಬೇಡ ಎಂದರೆ ರಕ್ತನಿಧಿಗೆ ಹೋಗಿ ರಕ್ತ ಕೊಟ್ಟು ಬನ್ನಿ.