ಬೆರಳಿನ ನೆನಪು

ವೈಣಿಕನೊಬ್ಬ ಪರ ಊರಿಗೆ ಹೋದಾಗ ಮಿತ್ರನ ಮನೆಯ ವೀಣೆಯನ್ನು ಮುಂದಿರಿಸಿಕೊಂಡು ನುಡಿಸಬೇಕಾಗಿ ಬಂದಿತೆನ್ನೋಣ. ತಂತಿ ಸಡಿಲವಾಗಿದೆಯೆಂದು ಆತ ಹೇಳಬಹುದು. ನಾದ ಮಂದವೆಂದು ಮುಖ ಹುಳ್ಳಗೆ ಮಾಡಬಹುದು. ಆದರೆ ಗಾಂಧಾರವೆಲ್ಲಿದೆ, ಪಂಚಮವೆಲ್ಲಿದೆ ಎಂದು ಯಾರನ್ನೂ ಕೇಳುವುದಿಲ್ಲ. ದಂಡಿಯ ಮೇಲೆ ಮೇಣದಲ್ಲಿ ಕೂರಿಸಿದ ೨೪ ಮೆಟ್ಟಿಲುಗಳು ಮೈಸೂರಿನ ವೀಣೆಗೂ ಅವೇ, ತಂಜಾವೂರಿನ ವೀಣೆಗೂ ಅವೇ. ಹತ್ತಾರು ವರ್ಷಗಳ ಸಾಧನೆಯಿಂದ ಬೆರಳಿಗೆ ಬಂದ ನೆನಪು ಕಣ್ಣಿನ ಸಹಾಯವಿಲ್ಲದೆಯೇ ಸ್ವರಸ್ಥಾನವನ್ನು ಹುಡುಕಿಕೊಳ್ಳುತ್ತದೆ. ಮನಸ್ಸು ರಾಗದಲ್ಲಿರುತ್ತದೆ, ಕೈ ತನ್ನ ಕೆಲಸವನ್ನು ತಾನು ಮಾಡುತ್ತಿರುತ್ತದೆ.

ಆ ವೀಣೆಯ ಮೆಟ್ಟಿಲುಗಳನ್ನು ಯಾರೋ ರಾತ್ರೋರಾತ್ರಿ ಅಂಗುಲದಷ್ಟು ಸರಿಸಿಬಿಟ್ಟಿದ್ದರೆ? ವಿದ್ವತ್ತೆಲ್ಲ ಇದ್ದೂ ವೈಣಿಕ ಆ ಕ್ಷಣಕ್ಕೆ ಶಿಶುವಾಗುತ್ತಾನೆ. ಕಂಪ್ಯೂಟರಿನ ಮುಂದೆ ಕುಳಿತು ಸಂಗೀತ ಕಟ್ಟುವ ಇಂದಿನ ಸಂಯೋಜಕನಿಗೆ ಇದು ಊಹೆಯ ಸಂಕಟವಲ್ಲ. ಒಂದು ಯಂತ್ರದಿಂದ ಇನ್ನೊಂದು ಯಂತ್ರಕ್ಕೆ ಹೋದಾಗಲೆಲ್ಲ ಅವನು ಇದನ್ನು ಅನುಭವಿಸುತ್ತಾನೆ.

ಹಿಂದೆ ಧ್ವನಿಮುದ್ರಣವೆಂದರೆ ದೊಡ್ಡ ಕೋಣೆ, ಟೇಪು ಸುತ್ತುವ ಯಂತ್ರ, ಗುಂಡಿಗಳಿಂದ ತುಂಬಿದ ಉದ್ದನೆಯ ಮೇಜು ಇವೆಲ್ಲ ಬೇಕಾಗಿದ್ದವು. ಇಂದು ಅವೆಲ್ಲವೂ ಒಂದು ತಂತ್ರಾಂಶದೊಳಗೆ ಅಡಗಿವೆ. ಇಂತಹ ತಂತ್ರಾಂಶಗಳು ಹಲವಿದ್ದು, ಅವುಗಳಲ್ಲಿ ಬಹುಪಾಲು ಆ್ಯಪಲ್ ಸಂಸ್ಥೆಯ ಮ್ಯಾಕ್ ಯಂತ್ರದ ಮೇಲೂ, ಮೈಕ್ರೊಸಾಫ್ಟ್ ಸಂಸ್ಥೆಯ ವಿಂಡೋಸ್ ಇರುವ ಯಂತ್ರದ ಮೇಲೂ ನಡೆಯುತ್ತವೆ. ಕೆಲವು ಲಿನಕ್ಸ್ ಯಂತ್ರಗಳ ಮೇಲೂ ನಡೆಯುವುದುಂಟು. ಮನೆಯಲ್ಲಿ ಒಂದು ಬಗೆಯ ಯಂತ್ರ, ಸ್ಟುಡಿಯೋದಲ್ಲಿ ಇನ್ನೊಂದು ಬಗೆಯ ಯಂತ್ರ ಇರುವುದು ಸಾಮಾನ್ಯ. ಪ್ರಶ್ನೆ ಹುಟ್ಟುವುದು ಇಲ್ಲಿಯೇ. ಎರಡು ಮನೆಗಳಲ್ಲಿ ಬಾಳುವ ತಂತ್ರಾಂಶವು ಹೋದ ಹೋದ ಮನೆಯ ನಡೆನುಡಿಯನ್ನು ಕಲಿಯಬೇಕೇ, ಅಥವಾ ಎಲ್ಲಿದ್ದರೂ ತನ್ನತನವನ್ನೇ ಉಳಿಸಿಕೊಳ್ಳಬೇಕೇ?

ಎರಡು ಮನೆಗಳ ರೀತಿ ಎಷ್ಟು ಬೇರೆಯೆಂಬುದಕ್ಕೆ ಒಂದೆರಡು ಉದಾಹರಣೆ ಸಾಕು. ವಿಂಡೋಸಿನಲ್ಲಿ ಆಜ್ಞೆಗಳಿಗೆಲ್ಲ ಹಿರಿಯನಾದ ಕಂಟ್ರೋಲ್ ಕೀಲಿ ಕೀಲಿಮಣೆಯ ಮೂಲೆಯಲ್ಲಿರುತ್ತದೆ; ಅದು ಕಿರುಬೆರಳಿನ ಪಾಲು. ಮ್ಯಾಕಿನಲ್ಲಿ ಅದೇ ಕೆಲಸವನ್ನು ಮಾಡುವ ಕಮಾಂಡ್ ಕೀಲಿ ಸ್ಪೇಸ್ ಬಾರಿನ ಪಕ್ಕದಲ್ಲಿದ್ದು ಹೆಬ್ಬೆರಳಿನ ವಶದಲ್ಲಿರುತ್ತದೆ. ಕಿಟಕಿಯನ್ನು ಮುಚ್ಚುವ ಗುರುತು ಒಂದರಲ್ಲಿ ಬಲಗಡೆ, ಇನ್ನೊಂದರಲ್ಲಿ ಎಡಗಡೆ.

ಇವು ಸಣ್ಣ ಕಿರುಕುಳಗಳು. ದೊಡ್ಡದೂ ಒಂದಿತ್ತು. ಕೆಲಸ ಮುಗಿಸಿ ಏಳುವಾಗ, ಮಾಡಿದ್ದನ್ನು ಉಳಿಸಬೇಕೇ ಎಂದು ಯಂತ್ರ ಕೇಳುತ್ತದೆ. ವಿಂಡೋಸಿನಲ್ಲಿ ಎಡ ತುದಿಯ ಗುಂಡಿ ‘ಉಳಿಸು’ ಎಂಬುದಾಗಿತ್ತು. ಮ್ಯಾಕಿನಲ್ಲಿ ಬಹುಕಾಲದವರೆಗೆ ‘ಉಳಿಸು’ ಬಲ ತುದಿಯಲ್ಲಿತ್ತು. ಎಡ ತುದಿಯಲ್ಲಿದ್ದುದು ‘ಉಳಿಸಬೇಡ’! ರಾತ್ರಿಯೆಲ್ಲ ಎಚ್ಚರವಿದ್ದು ಹಾಡು ಕಟ್ಟಿದವನು ಬೆಳಗಿನ ಜಾವದ ನಿದ್ದೆಗಣ್ಣಿನಲ್ಲಿ ಪದವನ್ನು ಓದುವುದಿಲ್ಲ. ಅಭ್ಯಾಸದ ಜಾಗವನ್ನು ಒತ್ತುತ್ತಾನೆ. ಬೆರಳಿನ ನೆನಪು ನಿಷ್ಠೆಯಿಂದ ತನ್ನ ಕೆಲಸವನ್ನು ಮಾಡಿದ ತಪ್ಪಿಗೆ ಇಡೀ ರಾತ್ರಿಯ ದುಡಿಮೆ ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತಾಗಬಹುದಿತ್ತು. ಏಕರೂಪತೆಯೆಂಬುದು ಬರಿಯ ಅಂದಚೆಂದದ ಮಾತಲ್ಲವೆಂಬುದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ.

ಸಂಗೀತಯಂತ್ರಗಳನ್ನು ತಯಾರಿಸುವವರಿಗೆ ಒಮ್ಮತದ ಬೆಲೆ ಗೊತ್ತಿಲ್ಲವೆಂದೇನೂ ಅಲ್ಲ. ೧೯೮೩ರ ಜನವರಿಯಲ್ಲಿ ಅಮೆರಿಕೆಯ ಅನಾಹೈಮ್ ನಗರದಲ್ಲಿ ನಡೆದ ವಾದ್ಯ ವರ್ತಕರ ಪ್ರದರ್ಶನದಲ್ಲಿ ಒಂದು ಅಪೂರ್ವ ಸಂಗತಿ ನಡೆಯಿತು. ಅಮೆರಿಕದ ಸೀಕ್ವೆನ್ಷಿಯಲ್ ಸರ್ಕಿಟ್ಸ್ ಸಂಸ್ಥೆಯ ವಾದ್ಯವನ್ನೂ ಜಪಾನಿನ ರೋಲಂಡ್ ಸಂಸ್ಥೆಯ ವಾದ್ಯವನ್ನೂ ಒಂದು ತಂತಿಯಿಂದ ಜೋಡಿಸಿದರು. ಒಂದರ ಮನೆ ಒತ್ತಿದರೆ ಇನ್ನೊಂದು ನುಡಿಯಿತು. ಪ್ರತಿಸ್ಪರ್ಧಿಗಳು ಕೂಡಿ ಒಪ್ಪಿದ ಆ ಭಾಷೆಗೆ ‘ಮಿಡಿ’ ಎಂದು ಹೆಸರು. ಅದಕ್ಕಾಗಿ ದುಡಿದ ಡೇವ್ ಸ್ಮಿತ್ ಮತ್ತು ಇಕುತಾರೊ ಕಾಕೆಹಾಶಿ ಇವರಿಬ್ಬರಿಗೂ ೨೦೧೩ರಲ್ಲಿ ತಾಂತ್ರಿಕ ಗ್ರ್ಯಾಮಿ ಗೌರವ ಸಂದಿತು.

ಆದರೂ ಒಮ್ಮತದ ಒಳಗೆಯೇ ಒಂದು ಬಿರುಕು ಉಳಿದುಬಿಟ್ಟಿತು. ಪಿಯಾನೋದ ನಡುವಿನ ‘ಸಿ’ ಸ್ವರಕ್ಕೆ ಮಿಡಿಯಲ್ಲಿ ೬೦ ಎಂಬ ಸಂಖ್ಯೆ. ಇದರಲ್ಲಿ ಯಾರಿಗೂ ತಕರಾರಿಲ್ಲ. ಆದರೆ ಆ ೬೦ನ್ನು ಯಮಾಹಾದವರು ‘ಸಿ-೩’ ಎಂದು ಕರೆದರೆ, ರೋಲಂಡಿನವರು ‘ಸಿ-೪’ ಎಂದು ಕರೆದರು. ಎಫ್‌ಎಲ್ ಸ್ಟುಡಿಯೋ ಎಂಬ ತಂತ್ರಾಂಶದಲ್ಲಿ ಅದೇ ಸ್ವರ ‘ಸಿ-೫’ ಆಗಿ ಕುಳಿತಿತು. ಯಂತ್ರಗಳು ಪರಸ್ಪರ ಸಂಖ್ಯೆಯಲ್ಲಿ ಮಾತನಾಡುವುದರಿಂದ ಅವಕ್ಕೆ ಗೊಂದಲವಿಲ್ಲ; ಹೆಸರಿನಲ್ಲಿ ಮಾತನಾಡುವ ಮನುಷ್ಯರಿಗೆ ಮಾತ್ರ ಸ್ಥಾಯಿಯೇ ತಪ್ಪುತ್ತದೆ. ಯಂತ್ರಯಂತ್ರಗಳ ನಡುವೆ ರಾಜಿ ಮಾಡಿಸಿದವರು ಯಂತ್ರಕ್ಕೂ ಮನುಷ್ಯನಿಗೂ ನಡುವೆ ರಾಜಿ ಮಾಡಿಸುವುದನ್ನು ಮರೆತರೆಂದೇ ಹೇಳಬೇಕು.

ಇನ್ನು ತಂತ್ರಾಂಶದ ರೂಪದ ವಿಚಾರ. ಮಿಡಿಯ ತಂತಿಗೆ ಬೇಕಾದ ಕಿಂಡಿಯನ್ನು ತನ್ನಲ್ಲೇ ಇಟ್ಟುಕೊಂಡು ೧೯೮೫ರಲ್ಲಿ ಹೊರಬಂದ ಅಟಾರಿ ಎಸ್‌ಟಿ ಎಂಬ ಕಂಪ್ಯೂಟರು ಸಂಗೀತಗಾರರ ಮೆಚ್ಚಿನದಾಯಿತು. ಜರ್ಮನಿಯ ಹ್ಯಾಂಬರ್ಗ್ ನಗರದ ಸ್ಟೈನ್‌ಬರ್ಗ್ ಸಂಸ್ಥೆಯವರು ೧೯೮೯ರಲ್ಲಿ ಅದಕ್ಕಾಗಿ ‘ಕ್ಯೂಬೇಸ್’ ಎಂಬ ತಂತ್ರಾಂಶವನ್ನು ತಂದರು. ವಾದ್ಯಗಳನ್ನು ಒಂದರ ಕೆಳಗೊಂದು ಸಾಲಾಗಿ ಇರಿಸಿ, ಕಾಲವನ್ನು ಎಡದಿಂದ ಬಲಕ್ಕೆ ಹರಿಸಿ, ಸಂಗೀತದ ತುಣುಕುಗಳನ್ನು ಇಟ್ಟಿಗೆಗಳಂತೆ ಜೋಡಿಸುವ ಚಿತ್ರ ಅದರ ಪರದೆಯಲ್ಲಿತ್ತು. ಅಟಾರಿ ಕಂಪ್ಯೂಟರುಗಳ ಕಾಲ ಮುಗಿಯಿತು. ಆ ಚಿತ್ರ ಮುಗಿಯಲಿಲ್ಲ. ಕ್ಯೂಬೇಸ್ ಮ್ಯಾಕಿಗೂ ವಿಂಡೋಸಿಗೂ ಬಂದಿತು. ಇಂದಿನ ಹೆಚ್ಚಿನ ತಂತ್ರಾಂಶಗಳೂ ಪರದೆಯ ಮೇಲೆ ಸಂಗೀತವನ್ನು ಹೀಗೆಯೇ ಹಾಸುತ್ತವೆ. ಯಾವ ಸಮಿತಿಯೂ ಕುಳಿತು ನಿರ್ಣಯಿಸದ ಈ ಏಕರೂಪತೆಯಿಂದ ಕಲಿಯುವವರಿಗೆ ಎಷ್ಟೋ ಶ್ರಮ ಉಳಿದಿದೆ.

೨೦೦೧ರಲ್ಲಿ ಬರ್ಲಿನ್ನಿನಿಂದ ಬಂದ ಏಬಲ್‌ಟನ್ ಲೈವ್ ಎಂಬ ತಂತ್ರಾಂಶ ಬೇರೆಯೇ ದಾರಿ ಹಿಡಿಯಿತು. ಅದು ಯಂತ್ರದಿಂದ ಗುಂಡಿಗಳನ್ನಾಗಲಿ ಪಟ್ಟಿಗಳನ್ನಾಗಲಿ ಎರವಲು ಪಡೆಯದೆ, ಎಲ್ಲವನ್ನೂ ತಾನೇ ಬರೆದುಕೊಂಡಿತು. ನೆರಳು, ಹೊಳಪು ಯಾವುದೂ ಇಲ್ಲದ ಚಪ್ಪಟೆಯಾದ ಅದರ ಮುಖವನ್ನು ಕಂಡು ಮೊದಮೊದಲು ಮೂಗು ಮುರಿದವರಿದ್ದರೆ ಆಶ್ಚರ್ಯವಿಲ್ಲ. ಆದರೆ ವೇದಿಕೆಯ ಮೇಲೆ, ಅರೆಗತ್ತಲಿನಲ್ಲಿ, ಸಾವಿರ ಜನರ ಮುಂದೆ ನುಡಿಸುವವನಿಗೆ ಆ ಮುಖ ಎರಡೂ ಯಂತ್ರಗಳಲ್ಲಿ ಒಂದೇ ಆಗಿರುವುದು ಎಷ್ಟು ದೊಡ್ಡ ಧೈರ್ಯವೆಂಬುದನ್ನು ಬಲ್ಲವರೇ ಬಲ್ಲರು. ಅಂತಹ ಲೈವ್ ಕೂಡ ಹೊಸ್ತಿಲಿನಲ್ಲಿ ಆಯಾ ಮನೆಯ ಮರ್ಯಾದೆಯನ್ನು ಪಾಲಿಸುತ್ತದೆ: ಕಡತವನ್ನು ತೆರೆಯುವ ಕಿಟಕಿ ಆ ಯಂತ್ರದ್ದೇ, ಮ್ಯಾಕಿನಲ್ಲಿ ಕಮಾಂಡ್ ಕೀಲಿ, ವಿಂಡೋಸಿನಲ್ಲಿ ಕಂಟ್ರೋಲ್ ಕೀಲಿ.

ಸಮಸ್ಯೆಗೆ ಪರಿಹಾರ ಇಲ್ಲಿಯೇ ಇದೆಯೆಂದರೆ ತಪ್ಪಾಗಲಾರದು. ಸಂಗೀತ ಹರಿಯುತ್ತಿರುವಾಗ ಕೈಗೆ ಬೇಕಾದುದೆಲ್ಲ ತಂತ್ರಾಂಶದ ಸ್ವಂತ ಆಸ್ತಿ: ನುಡಿಸುವುದು, ನಿಲ್ಲಿಸುವುದು, ಮುದ್ರಿಸುವುದು, ಕತ್ತರಿಸುವುದು, ಪರದೆಯ ಮೇಲೆ ಒಂದೊಂದು ವಸ್ತುವಿನ ಸ್ಥಾನ. ಇವು ಎಲ್ಲ ಯಂತ್ರಗಳಲ್ಲಿಯೂ ಒಂದೇ ಆಗಿರಬೇಕು. ಇವು ವೀಣೆಯ ಮೆಟ್ಟಿಲುಗಳು. ಸಂಗೀತ ನಿಂತ ಮೇಲೆ ಮಾಡುವ ಕೆಲಸಗಳು ಯಂತ್ರಕ್ಕೆ ಸೇರಿದವು: ಕಡತವನ್ನು ಹುಡುಕುವುದು, ಉಳಿಸುವುದು, ಕಿಟಕಿಯನ್ನು ಮುಚ್ಚುವುದು. ಇವುಗಳಲ್ಲಿ ತಂತ್ರಾಂಶವು ಯಂತ್ರದ ರೂಢಿಗೆ ತಲೆಬಾಗಬೇಕು. ಇವು ವೀಣೆಯನ್ನು ಇರಿಸುವ ಮನೆಯ ಬಾಗಿಲುಗಳು. ಮೆಟ್ಟಿಲನ್ನು ಮನೆಗೆ ತಕ್ಕಂತೆ ಬದಲಿಸುವುದು ಎಷ್ಟು ತಪ್ಪೋ, ಬಾಗಿಲನ್ನು ವೀಣೆಗೆ ತಕ್ಕಂತೆ ತಿರುಗಿಸಿ ಕೂರಿಸುವುದೂ ಅಷ್ಟೇ ತಪ್ಪು.

ಬೆರಳಿನ ನೆನಪಿಗೆ ಬೆಲೆ ಕಟ್ಟುವುದು ಕಷ್ಟ. ಅದನ್ನು ಕಳೆದುಕೊಂಡವರ ಕಥೆಯಿಂದ ಅಷ್ಟಿಷ್ಟು ಊಹಿಸಬಹುದು. ಜರ್ಮನಿಯದೇ ಆದ ಇಮ್ಯಾಜಿಕ್ ಎಂಬ ಸಂಸ್ಥೆಯ ‘ಲಾಜಿಕ್’ ತಂತ್ರಾಂಶ ಮ್ಯಾಕಿನಲ್ಲಿಯೂ ವಿಂಡೋಸಿನಲ್ಲಿಯೂ ಬಳಕೆಯಲ್ಲಿತ್ತು. ೨೦೦೨ರ ಜುಲೈನಲ್ಲಿ ಆ್ಯಪಲ್ ಆ ಸಂಸ್ಥೆಯನ್ನು ಕೊಂಡುಕೊಂಡಿತು. ಅದೇ ವರ್ಷದ ಸೆಪ್ಟೆಂಬರ್ ೩೦ಕ್ಕೆ ವಿಂಡೋಸ್ ಆವೃತ್ತಿಯನ್ನು ನಿಲ್ಲಿಸುವುದಾಗಿ ಸಾರಿತು. ಕೊಂಡವರಿಗೆ ಅದು ನ್ಯಾಯವಾದ ವ್ಯಾಪಾರವೇ ಇರಬಹುದು. ಆದರೆ ವಿಂಡೋಸಿನ ಮೇಲೆ ಲಾಜಿಕ್ಕನ್ನು ವರ್ಷಗಟ್ಟಲೆ ಸಾಧಿಸಿದವರಿಗೆ ಉಳಿದದ್ದು ಎರಡೇ ದಾರಿ: ಯಂತ್ರವನ್ನೇ ಬದಲಿಸಬೇಕು, ಇಲ್ಲವೇ ಹೊಸ ತಂತ್ರಾಂಶವನ್ನು ಅ ಆ ಇ ಈಯಿಂದ ಕಲಿಯಬೇಕು. ಮೊದಲನೆಯದಕ್ಕೆ ಹಣ ಬೇಕು, ಎರಡನೆಯದಕ್ಕೆ ಆಯುಷ್ಯ ಬೇಕು.

ಹೊಸದನ್ನು ಕಲಿಯುವುದು ಅಷ್ಟು ಕಷ್ಟವೇ ಎಂದು ಕೇಳುವವರಿದ್ದಾರೆ. ಸ್ಪೇಸ್ ಬಾರನ್ನು ಒತ್ತಿದರೆ ನುಡಿಯುವುದು, ಮತ್ತೆ ಒತ್ತಿದರೆ ನಿಲ್ಲುವುದು, ಇದಿಷ್ಟರಲ್ಲಿ ಎಲ್ಲರೂ ಒಂದು. ಧ್ವನಿಮುದ್ರಣ ಮಾಡಬೇಕೆಂದರೆ ಲಾಜಿಕ್ಕಿನಲ್ಲಿ ‘ಆರ್’ ಕೀಲಿ, ಲೈವ್‌ನಲ್ಲಿ ‘ಎಫ್-೯’, ಕ್ಯೂಬೇಸಿನಲ್ಲಿ ಸಂಖ್ಯೆಗಳ ಬದಿಯಲ್ಲಿರುವ ನಕ್ಷತ್ರ ಚಿಹ್ನೆ, ವಿಂಡೋಸಿನ ರೀಪರಿನಲ್ಲಿ ಕಂಟ್ರೋಲಿನೊಡನೆ ‘ಆರ್’. ಒಂದು ಕೆಲಸಕ್ಕೇ ಇಷ್ಟು ದಾರಿಗಳಿರುವಾಗ ನೂರಾರು ಕೆಲಸಗಳ ಪಾಡೇನು? ಗಾಯಕ ಉತ್ಸಾಹದಿಂದ ಆಲಾಪನೆಯನ್ನು ತೆಗೆದಾಗ ಸಂಯೋಜಕ ಕೀಲಿಗಾಗಿ ತಡಕಾಡುತ್ತಿದ್ದರೆ, ಹೋದ ಆಲಾಪನೆ ಮರಳಿ ಬಾರದು.

ಈಚೆಗೆ ಕೆಲವು ಒಳ್ಳೆಯ ಲಕ್ಷಣಗಳು ತೋರುತ್ತಿವೆ. ಕ್ಯೂಬೇಸಿನಲ್ಲಿ ಬೇರೆ ತಂತ್ರಾಂಶಗಳ ಕೀಲಿಗಳ ಏರ್ಪಾಡನ್ನೇ ಆರಿಸಿಕೊಳ್ಳುವ ಸೌಕರ್ಯವಿದೆ. ರೀಪರಿನಲ್ಲಿ ಬಳಸುವವನು ತನ್ನ ಕೀಲಿಗಳ ಪಟ್ಟಿಯನ್ನು ಕಡತವಾಗಿ ಮಾಡಿಕೊಂಡು ಬೇರೆ ಯಂತ್ರಕ್ಕೆ ಒಯ್ಯಬಹುದು. ೨೦೨೩ರಲ್ಲಿ ಬಿಟ್‌ವಿಗ್ ಮತ್ತು ಪ್ರಿಸೋನಸ್ ಎಂಬ ಎರಡು ಸಂಸ್ಥೆಗಳು ಕೂಡಿ, ಒಂದು ತಂತ್ರಾಂಶದಲ್ಲಿ ಕಟ್ಟಿದ ಕೃತಿಯನ್ನು ಇನ್ನೊಂದರಲ್ಲಿ ತೆರೆಯಲು ಅನುವಾಗುವ ಮುಕ್ತ ಕಡತರೂಪವೊಂದನ್ನು ಹೊರತಂದವು. ೧೯೮೩ರ ಸ್ನೇಹಬುದ್ಧಿ ಪೂರ್ತಿಯಾಗಿ ಬತ್ತಿಲ್ಲವೆಂಬುದಕ್ಕೆ ಇದು ನಿದರ್ಶನ.

ಏಕರೂಪತೆಯೇ ಪರಮಧರ್ಮವಾದರೆ ಸುಧಾರಣೆಗೆ ಅವಕಾಶವೆಲ್ಲಿ ಎಂಬ ಆಕ್ಷೇಪವೂ ಉಂಟು. ಅದು ತಳ್ಳಿಹಾಕುವಂತಹುದಲ್ಲ. ವೀಣೆಯ ೨೪ ಮೆಟ್ಟಿಲುಗಳೂ ಆದಿಯಿಂದಲೇ ಇದ್ದುವಲ್ಲ. ೧೭ನೆಯ ಶತಮಾನದಲ್ಲಿ ತಂಜಾವೂರಿನ ರಘುನಾಥ ನಾಯಕನ ಕಾಲದಲ್ಲಿ ಅವು ನೆಲೆಗೊಂಡವೆಂದು ಪ್ರತೀತಿ. ಆ ಬದಲಾವಣೆ ನುಡಿಸುವವರಿಗೆ ಹೊಸ ಅನುಕೂಲವನ್ನು ಕೊಟ್ಟಿತು, ಆದುದರಿಂದಲೇ ನಿಂತಿತು. ಹೊಸ ಆವೃತ್ತಿಯೆಂದು ತೋರಿಸಿಕೊಳ್ಳುವುದಕ್ಕಾಗಿಯೇ ಗುಂಡಿಯನ್ನು ಅಲ್ಲಿಂದಿಲ್ಲಿಗೆ ಸರಿಸುವುದು ಬೇರೆ. ನುಡಿಸುವವನ ಹಿತಕ್ಕಾಗಿ ಸರಿಸುವುದು ಬೇರೆ.

ತಂತ್ರಾಂಶವನ್ನು ಬರೆಯುವವರು ತಮ್ಮ ಮೇಜಿನ ಮುಂದೆ ಈ ಒಂದು ಮಾತನ್ನು ಬರೆದಿಟ್ಟುಕೊಂಡರೆ ಚೆನ್ನು: ಪರದೆ ಅವರದು, ಆದರೆ ಬೆರಳು ಅವರದಲ್ಲ. ಆ ಬೆರಳಿನಲ್ಲಿ ಮತ್ತೊಬ್ಬರ ಹತ್ತು ವರ್ಷಗಳ ಸಾಧನೆ ಕುಳಿತಿರುತ್ತದೆ. ಮೆಟ್ಟಿಲನ್ನು ಕೀಳುವ ಮೊದಲು ಅವರನ್ನೊಮ್ಮೆ ಕೇಳುವುದು ಧರ್ಮ.