ಹುಲಿಯ ಪಕ್ಕ ನಿಂತ ಹುಡುಗಿ

ಪುಟಾಣಿಗಳೇ, ಮೊನ್ನೆ ನನ್ನ ಮೊಮ್ಮಗಳು ಫೋನಿನಲ್ಲಿ ಒಂದು ಬೊಂಬೆಯ ಚಿತ್ರ ತೋರಿಸಿದಳು. ಇಂಗ್ಲೆಂಡಿನ ಸ್ಟಾಫರ್ಡ್‌ಶೈರ್‌ನಲ್ಲಿ ಮಾಡಿದ ಹಳೆಯ ಪಿಂಗಾಣಿ ಬೊಂಬೆ. ಗಿಡ್ಡ ಲಂಗದ ವೇಷ ತೊಟ್ಟ ಹುಡುಗಿ, ಪಕ್ಕದಲ್ಲಿ ಕಾಡುಮೃಗಗಳು. ಪೀಠದ ಮೇಲೆ ಇಂಗ್ಲಿಷಿನಲ್ಲಿ ‘ಸಿಂಹರಾಣಿಯ ಮರಣ’ ಎಂಬ ಬರಹ.

“ತಾತ, ಸತ್ತವಳು ಹೀಗೆ ನಿಂತಿರ್ತಾಳಾ?” ಎಂದಳು.

ಹೌದಲ್ಲ! ತಲೆಬರಹ ಒಂದು, ಒಳಗಿನ ಲೆಕ್ಕ ಇನ್ನೊಂದು. ಬ್ಯಾಂಕಿನಲ್ಲಿ ಲೆಜರ್ ಬರೆದ ನನಗೆ ಇಂಥದ್ದು ಕಂಡರೆ ನಿದ್ದೆ ಬರುವುದಿಲ್ಲ.

ಆಗ ಲಂಡನ್ನಿನಲ್ಲಿ ಮೃಗಗಳ ಆಟದ ಹುಚ್ಚು. ವ್ಯಾನ್ ಆಂಬರ್ಗ್ ಎಂಬ ಅಮೆರಿಕದವನು ಪ್ರಾಚೀನ ರೋಮಿನವರ ಉಡುಪು ತೊಟ್ಟು ಸಿಂಹಗಳ ಬೋನಿಗೆ ಇಳಿಯುತ್ತಿದ್ದ. 1839ರಲ್ಲಿ ವಿಕ್ಟೋರಿಯಾ ರಾಣಿ ಮತ್ತೆ ಮತ್ತೆ ಹೋಗಿ ನೋಡಿದರು. ಆಟ ಮುಗಿದ ಮೇಲೆ ಪ್ರಾಣಿಗಳಿಗೆ ಮಾಂಸ ಹಾಕುವುದನ್ನೂ ನೋಡಿದರು! ಅವನ ಬೊಂಬೆಯೂ ಬಂತು. ಇಂಥ ಬೊಂಬೆಗಳನ್ನು ಸಾಮಾನ್ಯ ಜನ ಕೊಂಡು, ಚಳಿಗೆ ಬೆಂಕಿ ಹಾಕುವ ಒಲೆಯ ಮೇಲಿನ ಹಲಗೆಯಲ್ಲಿ ಇಡುತ್ತಿದ್ದರು. ಗೋಡೆಯ ಕಡೆಗಿರುವ ಬೆನ್ನನ್ನು ಯಾರು ನೋಡುತ್ತಾರೆ? ಅದಕ್ಕೇ ಎಷ್ಟೋ ಬೊಂಬೆಗಳ ಹಿಂಭಾಗ ಚಪ್ಪಟೆ, ಬಣ್ಣವೂ ಇಲ್ಲ. ಒಳ್ಳೆ ಉಳಿತಾಯ!

ನಮ್ಮ ಹುಡುಗಿಯ ಹೆಸರು ಎಲೆನ್ ಬ್ರೈಟ್. ಊರೂರು ತಿರುಗಿ ಮೃಗಗಳನ್ನು ತೋರಿಸುತ್ತಿದ್ದ ವೊಂಬ್‌ವೆಲ್ ಅವಳ ಸಂಬಂಧಿ. 1850ರ ಜನವರಿ, ಚಾಟಮ್ ಊರು. ಸಿಂಹವೂ ಹುಲಿಯೂ ಇದ್ದ ಬೋನಿನೊಳಗೆ ಹೋದ ಎಲೆನ್, ದಾರಿಗೆ ಅಡ್ಡ ಬಂದ ಹುಲಿಗೆ ಸಣ್ಣ ಚಾವಟಿಯಿಂದ ತಟ್ಟಿದಳು. ಅದು ಮೇಲೆರಗಿತು. ಜನ ನೋಡುತ್ತಿದ್ದಂತೆಯೇ ಎಲ್ಲ ಮುಗಿಯಿತು. ಅವಳಿಗೆ ಆಗ ಬರೀ 17 ವರ್ಷ. ಸಾವಿನ ವಿಚಾರಣೆಗೆ ಕೂತ ಪಂಚರು ಬೋನಿನೊಳಗೆ ಹೋಗುವ ಇಂಥ ಆಟಗಳೇ ಕೂಡದು ಎಂದರು.

ಆ ಸುದ್ದಿಯೇ ಮಾರಾಟದ ಸರಕಾಯಿತು ನೋಡಿ. ಮನೆಯ ಹಲಗೆಯ ಮೇಲೆ ರಕ್ತ ಯಾರಿಗೂ ಬೇಡ, ಹಾಗಾಗಿ ಅವಳನ್ನು ಎಬ್ಬಿಸಿ ನಿಲ್ಲಿಸಿದರು ಎಂದು ನನ್ನ ಊಹೆ. ಆ ಕಾಲಕ್ಕೆ ಸ್ಟಾಫರ್ಡ್‌ಶೈರ್‌ನ ಪಿಂಗಾಣಿ ಕಾರ್ಖಾನೆಗಳಲ್ಲಿ ಹತ್ತು ವರ್ಷ ತುಂಬದ ಮಕ್ಕಳೂ ದುಡಿಯುತ್ತಿದ್ದರು. ಅವರ ಕೆಲಸಕ್ಕೆ ಕಾನೂನಿನ ಕಡಿವಾಣ ಬಿದ್ದದ್ದು 1864ರಲ್ಲಿ. ಎಲೆನ್‌ಳ ಕೆನ್ನೆಗೆ ಕೆಂಪು ಹಚ್ಚಿದ್ದೂ ಅಂಥದೊಂದು ಪುಟ್ಟ ಕೈಯೇ ಇದ್ದೀತು.

ವ್ಯಾನ್ ಆಂಬರ್ಗ್ ಏನಾದ ಅಂತೀರಾ? ಅವನನ್ನು ಯಾವ ಸಿಂಹವೂ ತಿನ್ನಲಿಲ್ಲ. 1865ರವರೆಗೂ ಬದುಕಿದ್ದ.

ಮೊಮ್ಮಗಳು ಎಲ್ಲ ಕೇಳಿ, ಚಿತ್ರ ದೊಡ್ಡದು ಮಾಡಿ, ತುಂಬ ಹೊತ್ತು ಆ ಮುಖವನ್ನೇ ನೋಡಿದಳು. ಅವಳಿಗೂ ಈಗ 17.