ನರೆದಲೆಗನ ತವರಿನ ಹರಿವಾಣ

ವಾಷಿಂಗ್ಟನ್ ನಗರದಲ್ಲಿಯೂ ಅದಕ್ಕೆ ಹೊಂದಿಕೊಂಡ ಮೇರಿಲ್ಯಾಂಡ್, ವರ್ಜೀನಿಯಾಗಳಲ್ಲಿಯೂ ನೆಲೆಸಿದ ಕನ್ನಡ ಕುಟುಂಬಗಳಿಗೆ ಇಥಿಯೋಪಿಯದ ಭೋಜನಶಾಲೆಗಳು ಹೊಸತಲ್ಲ. 1974ರ ಕ್ರಾಂತಿಯ ತರುವಾಯ ತಾಯ್ನಾಡನ್ನು ತೊರೆದವರು ದೊಡ್ಡ ಸಂಖ್ಯೆಯಲ್ಲಿ ಬಂದು ಸೇರಿದ ಪ್ರದೇಶವದು. ಬಂಧುಗಳೂ ಗೆಳೆಯರೂ ಕೂಡಿ ಅಲ್ಲಿ ಊಟಕ್ಕೆ ಕುಳಿತಾಗ, ಅಗಲವಾದ ಹರಿವಾಣದ ತುಂಬ ಹಾಸಿದ ಇಂಜೆರಾವನ್ನು ಕಂಡೊಡನೆ ಹೊರಡುವ ಉದ್ಗಾರ ಸಾಮಾನ್ಯವಾಗಿ ಒಂದೇ: ಇದು ನಮ್ಮ ದೋಸೆ. ಹೋಲಿಕೆ ಸಿಕ್ಕಿದ ಕೂಡಲೆ ವಿಚಾರ ನಿಂತುಹೋಗುವುದು ನಾಲಿಗೆಗೆ ಮಾತ್ರವಲ್ಲ, ನಮ್ಮ ತೌಲನಿಕ ಅಧ್ಯಯನಗಳಿಗೂ ಅಂಟಿದ ದೋಷ.

ಇಂಜೆರಾ ದೋಸೆಯಲ್ಲ. ಟೆಫ್ ಎಂಬ ಅತಿಸಣ್ಣ ಕಾಳಿನ ಹಿಟ್ಟನ್ನು ಕಲಸಿ, ಹಿಂದಿನ ಹದದಿಂದ ಉಳಿಸಿಕೊಂಡ ಹುಳಿನೀರನ್ನು ಬೆರೆಸಿ, ಎರಡು ಮೂರು ದಿನ ಹುಳಿಯಬಿಡುತ್ತಾರೆ. ಉದ್ದಿನ ಸಹಾಯ ಅದಕ್ಕಿಲ್ಲ. ಒಂದೇ ಮಗ್ಗುಲಲ್ಲಿ ಬೇಯುವುದರಿಂದ ಮೇಲ್ಮೈಯೆಲ್ಲ ಕಣ್ಣುಕಣ್ಣಾಗಿ ಉಳಿಯುತ್ತದೆ. ಪಲ್ಯ ಸಾರುಗಳ ರಸವನ್ನು ಹೀರುವುದು ಆ ಕಣ್ಣುಗಳು. ನಿಜವಾದ ನಂಟು ಬೇರೆಡೆ ಇದೆ. ಟೆಫ್ ದುಬಾರಿಯಾದಾಗ ಅಲ್ಲಿನ ಗೃಹಿಣಿಯರು ಇಂಜೆರಾದ ಹಿಟ್ಟಿಗೆ ದಗುಸಾ ಎಂಬ ಧಾನ್ಯವನ್ನು ಬೆರೆಸುವುದುಂಟು. ಈ ದಗುಸಾ ಎಂದರೆ ನಮ್ಮ ರಾಗಿ. ರಾಗಿಯನ್ನು ಮೊದಲು ಪಳಗಿಸಿದ್ದು ಪೂರ್ವ ಆಫ್ರಿಕದ ಎತ್ತರದ ನಾಡುಗಳಲ್ಲಿ ಎಂಬುದರಲ್ಲಿ ಸಸ್ಯಶಾಸ್ತ್ರಜ್ಞರಿಗೆ ಬಹುಮಟ್ಟಿಗೆ ಏಕಾಭಿಪ್ರಾಯವಿದೆ. ಅದು ಕರ್ನಾಟಕಕ್ಕೆ ಬಂದು ಮುಟ್ಟಿದ ಕಾಲದ ಬಗ್ಗೆ ಆ ಒಮ್ಮತವಿಲ್ಲ. ಹಳ್ಳೂರಿನ ಉತ್ಖನನದಲ್ಲಿ ದೊರೆತ ಕಾಳುಗಳನ್ನು ರಾಗಿಯೆಂದು ಗುರುತಿಸಿದ್ದನ್ನು ಮುಂದಿನ ವಿದ್ವಾಂಸರು ಪ್ರಶ್ನಿಸಿದ್ದಾರೆ.

ಪ್ರಾಕ್ತನ ವಾದ ಹೇಗಾದರೂ ಇರಲಿ, ಕನ್ನಡ ಸಾಹಿತ್ಯದಲ್ಲಿ ರಾಗಿಯ ಪರವಾಗಿ ವಕಾಲತ್ತು ವಹಿಸಿದವರು ಕನಕದಾಸರು. ‘ರಾಮಧಾನ್ಯಚರಿತೆ’ಯಲ್ಲಿ ನರೆದಲೆಗನಿಗೂ ವ್ರೀಹಿಗೂ ಜಗಳ ಹುಟ್ಟುವುದು ಒಂದು ಸಹಭೋಜನದ ಬೆನ್ನಿಗೆ. ಭತ್ತ ತನ್ನ ಉತ್ತಮಿಕೆಗೆ ಕೊಡುವ ಕಾರಣ ತಾನು ಯಾರ ಎಲೆಯಲ್ಲಿ ಬೀಳುತ್ತೇನೆ ಎಂಬುದು. ರಾಗಿಯ ಪ್ರತಿವಾದವೂ ಅದೇ ನೆಲೆಯದು, ಬಡವರನ್ನು ಕೈಬಿಟ್ಟ ಧಾನ್ಯವೆಂದು ಅದು ಭತ್ತವನ್ನು ಹಳಿಯುತ್ತದೆ. ಆರು ತಿಂಗಳ ಸೆರೆಯ ಬಳಿಕ ಭತ್ತ ಕಳೆಗುಂದಿತು, ರಾಗಿ ಉಳಿಯಿತು. ಈ ಕಾವ್ಯವನ್ನು ಧಾನ್ಯಗಳ ಗುಣತಾರತಮ್ಯದ ಕಥೆಯೆಂದಷ್ಟೇ ಪಾಠ ಹೇಳುವವರು ಅದರ ತಿರುಳನ್ನು ಬಿಟ್ಟಿದ್ದಾರೆ. ಇಲ್ಲಿನ ವ್ಯಾಜ್ಯ ಏನನ್ನು ಉಣ್ಣಬೇಕೆಂಬುದಕ್ಕಿಂತ ಯಾರೊಡನೆ ಉಣ್ಣಬೇಕೆಂಬುದರದು.

ಈ ಮಾತಿಗೆ ಸೋಸಲೆಯಷ್ಟು ಒಪ್ಪುವ ಊರು ಮತ್ತೊಂದು ಸಿಗಲಾರದು. ತಿರುಮಕೂಡಲಿನಲ್ಲಿ ಕಪಿಲೆ ಕಾವೇರಿಯನ್ನು ಕೂಡುವ ಎಡೆಗೆ ಸಮೀಪದ ಈ ಊರಿನ ಸೀಮೆಯಲ್ಲಿ ನೀರುಂಡ ಗದ್ದೆಯಲ್ಲಿ ಭತ್ತ, ಮಳೆ ನಂಬಿದ ಹೊಲದಲ್ಲಿ ರಾಗಿ. ಊರಿಗೆ ಹೆಸರು ತಂದಿರುವುದು ವ್ಯಾಸರಾಜ ಮಠ. ಇದೇ ಸೀಮೆಯ ಬನ್ನೂರಿನಲ್ಲಿ ಹುಟ್ಟಿ, 1539ರಲ್ಲಿ ಬೃಂದಾವನಸ್ಥರಾದ ವ್ಯಾಸರಾಯರು ಕನಕದಾಸರನ್ನು ಶಿಷ್ಯರೆಂದು ಸ್ವೀಕರಿಸಿದರೆಂದು ದಾಸಪರಂಪರೆ ಹೇಳುತ್ತದೆ. ಮಠದ ಇತರರಿಗೆ ಅದು ಹಿಡಿಸಲಿಲ್ಲವೆಂಬುದನ್ನು ಪುರಂದರದಾಸರ ಅಂಕಿತದ ಕೀರ್ತನೆಯೊಂದೇ ದಾಖಲಿಸಿದೆ. ಆ ಪರಂಪರೆಯ ಪ್ರಸಿದ್ಧ ಕಥೆಯಲ್ಲಿ ಗುರುಗಳು ಶಿಷ್ಯರಿಗೆ ಬಾಳೆಹಣ್ಣು ಕೊಟ್ಟು ಯಾರೂ ಕಾಣದೆಡೆ ತಿಂದು ಬರಲು ಹೇಳುತ್ತಾರೆ. ದೇವರಿಲ್ಲದ ಸ್ಥಳ ಕಾಣದೆ ಕನಕರು ಹಣ್ಣನ್ನು ಹಾಗೆಯೇ ಮರಳಿ ತರುತ್ತಾರೆ. ಭಕ್ತಿಯ ಅರ್ಥ ಎಲ್ಲರಿಗೂ ಗೊತ್ತು. ಗುರುವಿನ ಮೆಚ್ಚುಗೆಗೆ ಪಾತ್ರನಾದ ಆ ಶಿಷ್ಯ ಮಠದ ಊಟದಲ್ಲಿ ಯಾವ ಪಂಕ್ತಿಯಲ್ಲಿ ಕುಳಿತನೆಂಬುದನ್ನು ಕಥೆ ಹೇಳುವುದಿಲ್ಲ.

ಇಂಜೆರಾದ ಹರಿವಾಣ ಕನ್ನಡಿಗರಿಗೆ ಒಡ್ಡುವ ಪ್ರಶ್ನೆ ಇದೇ. ಐದಾರು ಮಂದಿ ಒಂದೇ ಹರಿವಾಣದಿಂದ ಹರಿದು ತಿನ್ನುತ್ತಾರೆ. ತುತ್ತು ಸುತ್ತಿ ಪಕ್ಕದವರ ಬಾಯಿಗಿಡುವ ಗುರ್ಶಾ ಎಂಬ ಉಪಚಾರವೂ ಉಂಟು. ನಮ್ಮಲ್ಲಿ ಇದಕ್ಕೆ ಅಡ್ಡ ನಿಲ್ಲುವುದು ಎಂಜಲು ಎಂಬ ಒಂದೇ ಪದ. ಗಮನಿಸಬೇಕಾದದ್ದೆಂದರೆ ಎಂಜಲಿಗೆ ಸದಾ ಒಂದು ದಿಕ್ಕಿತ್ತು. ಗಂಡ ಉಂಡ ಎಲೆಯಲ್ಲಿ ಹೆಂಡತಿ, ಒಡೆಯ ಬಿಟ್ಟದ್ದರಲ್ಲಿ ಆಳು. ಅದು ಮೇಲಿನಿಂದ ಕೆಳಗೆ ಹರಿಯುತ್ತಿತ್ತೇ ಹೊರತು ಹಿಮ್ಮುಖವಾಗಿ ಅಲ್ಲ. ಕೂಸಿನ ಬಾಯಿಂದ ಉಳಿದದ್ದನ್ನು ತಿನ್ನುವ ತಾಯಿ ಮಾತ್ರ ಅಪವಾದ. ಒಂದೇ ಹರಿವಾಣದಲ್ಲಿ ಆ ದಿಕ್ಕೇ ಅಳಿಸಿಹೋಗುತ್ತದೆ. ಹಾಗೆಂದು ಇಥಿಯೋಪಿಯವನ್ನು ಆದರ್ಶಲೋಕವಾಗಿಸುವುದೂ ತಪ್ಪು. ಅಲ್ಲಿನ ಕ್ರೈಸ್ತರೂ ಮುಸಲ್ಮಾನರೂ ಸಂಪ್ರದಾಯದಂತೆ ಒಬ್ಬರು ಕೊಯ್ದ ಮಾಂಸವನ್ನು ಮತ್ತೊಬ್ಬರು ಮುಟ್ಟುವುದಿಲ್ಲ. ಕಾಫಾ ಸೀಮೆಯ ಮಂಜೊ ಸಮುದಾಯವನ್ನು ನೆರೆಯವರು ತಮ್ಮ ಊಟದಿಂದ ದೂರವಿಟ್ಟೇ ಬಂದಿದ್ದಾರೆ. ಹರಿವಾಣ ದುಂಡಗಿದ್ದ ಮಾತ್ರಕ್ಕೆ ಅದಕ್ಕೆ ಎಲ್ಲೆಯಿಲ್ಲವೆಂದಲ್ಲ.

ಕನ್ನಡದ ಪಾಕಗ್ರಂಥಗಳು ಈ ವಿಷಯದಲ್ಲಿ ನೆರವಾಗುವುದು ಕಡಿಮೆ. 1025ರ ಸುಮಾರಿನ ಚಾವುಂಡರಾಯನ ‘ಲೋಕೋಪಕಾರ’ದಲ್ಲಿಯೂ ಜೈನಕವಿ ಮೂರನೆಯ ಮಂಗರಸನ ‘ಸೂಪಶಾಸ್ತ್ರ’ದಲ್ಲಿಯೂ ಪಾಕದ ವಿವರಗಳು ಸಮೃದ್ಧವಾಗಿವೆ. ಸಂಶೋಧಕರೂ ತಿನಿಸುಗಳ ಹೆಸರಿನ ಪಟ್ಟಿ ಮಾಡಿ ತೃಪ್ತರಾಗುತ್ತಾರೆ. ಬಡಿಸಿದ ಎಲೆಯನ್ನೂ ಕುಳಿತವರ ಕ್ರಮವನ್ನೂ ಹುಡುಕಬೇಕಾದರೆ ಕಾವ್ಯಗಳ ವಿವಾಹಭೋಜನದ ವರ್ಣನೆಗಳಿಗೆ, ಶರಣರ ಚರಿತ್ರೆಗಳಿಗೆ, ಅನ್ನಸತ್ರದ ದತ್ತಿಗಳನ್ನು ಹೇಳುವ ಶಾಸನಗಳಿಗೆ ಹೋಗಬೇಕು. ಈ ಕೆಲಸ ಇನ್ನೂ ಅಲ್ಲಲ್ಲಿ ಚದುರಿಯೇ ಇದೆ.

ಇಥಿಯೋಪಿಯದ ಸನಾತನ ಚರ್ಚು ವರ್ಷದಲ್ಲಿ ಅರ್ಧದಷ್ಟು ದಿನಗಳನ್ನು ಉಪವಾಸಕ್ಕೆ ಮೀಸಲಿಟ್ಟಿರುವುದರಿಂದ ಮಾಂಸ, ಹಾಲು, ಬೆಣ್ಣೆ ಯಾವುದೂ ಇಲ್ಲದ ಬೇಳೆ ಸೊಪ್ಪುಗಳ ಊಟ ಅಲ್ಲಿ ಚೆನ್ನಾಗಿ ಬೆಳೆದಿದೆ. ನಮ್ಮ ಸಸ್ಯಾಹಾರಿಗಳಿಗೆ ಆ ಭೋಜನಶಾಲೆಗಳು ಒಗ್ಗಿದ್ದು ಈ ಕಾರಣದಿಂದ. ಈರುಳ್ಳಿ ಬೆಳ್ಳುಳ್ಳಿ ಬಿಟ್ಟವರಿಗೆ ಮಾತ್ರ ಅಲ್ಲಿ ಗತಿಯಿಲ್ಲ, ಪ್ರತಿ ಪಲ್ಯದ ಬುಡವೂ ಈರುಳ್ಳಿಯೇ. ಒಟ್ಟಿಗೆ ಉಣ್ಣಲು ಹಿಂಜರಿಯುವವರು ಕೇಳಿದರೆ ಬೇರೆ ಬೇರೆ ತಟ್ಟೆಯನ್ನೂ ಕೊಡುತ್ತಾರೆ. ಆಗ ಇಂಜೆರಾ ಸುರುಳಿಯಾಗಿ ಒಬ್ಬೊಬ್ಬರ ಮುಂದೆ ಬಂದು ಕೂರುತ್ತದೆ. ದೋಸೆಯೆಂಬ ಉದ್ಗಾರ ಆಗ ಬಹುಮಟ್ಟಿಗೆ ನಿಜವಾಗುತ್ತದೆ.